ಗಾರೆ ಕುಡಿದ ಉಸಿರು

ಬಿಳಿನಾಡಿನಲ್ಲಿ ಮಳೆಯಿಲ್ಲ, ಸುಗ್ಗಿಯಿಲ್ಲ, ಹಾಗಾಗಿ ಹಬ್ಬಗಳೂ ಕಡಿಮೆ. ಇರುವ ಒಂದೇ ದೊಡ್ಡ ಹಬ್ಬ ಉಸಿರು ಕೊಡುವ ಹಬ್ಬ. ಚಂದ್ರನ ನೆಲದಡಿಯ ಉದ್ದನೆಯ ಗವಿಯೊಳಗೆ ಈ ನಾಡು ಹುಟ್ಟಿದ ದಿನದ ನೆನಪಿಗೆ ವರ್ಷಕ್ಕೊಮ್ಮೆ ಅದು ನಡೆಯುತ್ತದೆ.

ಹಬ್ಬದ ದಿನ ಹಳೆಯ ಸಭಾಮನೆಯ ಗೋಡೆಗೆ ಸುಣ್ಣದ ಗಾರೆಯ ಹೊಸ ಪದರ ಹಚ್ಚುತ್ತಾರೆ. ಹಚ್ಚುವವರು ಬಾಯಿಗವಿಯ ಹೆಂಗಸರು. ಗವಿಯ ಬಾಯಿಯ ಹತ್ತಿರ, ಚಳಿ ಹೆಚ್ಚಿರುವ ಕಡೆ, ಅವರ ಮನೆಗಳು. ಹಚ್ಚಿ ಮುಗಿಸಿ ಅವರು ಕೈ ತೊಳೆದುಕೊಂಡು ಹೊರಗೆ ಬರುತ್ತಾರೆ. ಆಮೇಲೆ ಬೆಚ್ಚನೆಯ ಒಳಗವಿಯ ಏಳು ಮನೆತನದವರು ಬರಿಗಾಲಲ್ಲಿ ಒಳಗೆ ಹೋಗುತ್ತಾರೆ. ಬಾಗಿಲು ಮುಚ್ಚುತ್ತದೆ. ಮೂರು ದಿನ ಅವರು ಅಲ್ಲೇ ಉಂಡು, ಹಾಡಿ, ಮಲಗಿ ಗೋಡೆಗೆ ಉಸಿರು ಕೊಡುತ್ತಾರೆ.

ಇದು ಬರಿಯ ನಂಬಿಕೆಯಲ್ಲ. ಸುಣ್ಣದ ಗಾರೆ ಇಂಗಾಲದ ಡೈಆಕ್ಸೈಡ್ ಕುಡಿದು ಕಲ್ಲಾಗುತ್ತದೆ. ಭೂಮಿಯ ಮೇಲಾದರೆ ಅದಕ್ಕೆ ಬಯಲ ಗಾಳಿಯಿದೆ. ಚಂದ್ರನ ಮೇಲೆ ಗಾಳಿಯೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಗೋಡೆಗೆ ಸಿಗುವುದು ಒಳಗೆ ಕುಳಿತವರು ಬಿಟ್ಟ ಉಸಿರು ಮಾತ್ರ. ಮೂರನೆಯ ದಿನ ಮನೆತನದ ಹಿರಿಯರೊಬ್ಬರು ಗೋಡೆಗೆ ಹೆಬ್ಬೆರಳಿನ ಉಗುರು ಒತ್ತುತ್ತಾರೆ. ಗುರುತು ಬೀಳದಿದ್ದರೆ ಗಾರೆ ಹಿಡಿದಿದೆ ಎಂದರ್ಥ. ಆ ಮಾತನ್ನು ಬಾಗಿಲಾಚೆ ಕಾಯುವವರಿಗೆ ಕೂಗಿ ಹೇಳುತ್ತಾರೆ, ಹೊರಗಿನವರು ಹಲಗೆ ಬಾರಿಸುತ್ತಾರೆ. ಬಾಯಿಗವಿಯ ಹೆಂಗಸರು ಮತ್ತೆ ಒಳಗೆ ಹೋಗಿ, ಎಣ್ಣೆ ಸವರಿ, ಗೋಡೆಯನ್ನು ಕನ್ನಡಿಯಂತೆ ಉಜ್ಜುತ್ತಾರೆ. ಎಣ್ಣೆ ಬಿದ್ದ ಮೇಲೆ ಆ ಪದರ ಇನ್ನೊಂದು ಉಸಿರನ್ನೂ ಕುಡಿಯುವುದಿಲ್ಲ.

ದ್ಯಾಮವ್ವ ಲಂಗ ಉಡುವ ವಯಸ್ಸಿನಿಂದ ಆ ಗೋಡೆಗೆ ಗಾರೆ ಹಚ್ಚಿದವಳು. ಈಗ ಅವಳ ಎದೆಯೊಳಗೂ ಸುಣ್ಣದ ಧೂಳು ಕೂತಿತ್ತು. ಮೆಟ್ಟಿಲು ಹತ್ತುವಾಗ ಎರಡು ಸಲ ನಿಲ್ಲುತ್ತಿದ್ದಳು. ಮುಂದಿನ ಹಬ್ಬಕ್ಕೆ ಗಾರೆ ಬಳಿಯುವ ಕರಣಿ ಹಿಡಿಯಬಹುದು, ಅದರ ಮುಂದಿನದ್ದು ಹೇಳಲಾಗದು ಎಂದು ವೈದ್ಯರು ಮಗಳು ನೀಲಗಂಗಾಳಿಗೆ ಹೇಳಿದ್ದರು.

“ನಾ ಹಚ್ಚಿದ ಗಾರಿಗೆ ನಾ ಒಮ್ಮಿನೂ ಉಗುರು ಒತ್ತಿ ನೋಡಿಲ್ಲ,” ಎಂದಳು ದ್ಯಾಮವ್ವ, ರೊಟ್ಟಿ ಬಡಿಯುತ್ತ. “ಒಂದ್ ವರ್ಷರ ಒಳಗ ಕುಂತು ನೋಡಬೇಕಂತ ಆಸೆ. ಹುಚ್ಚು ಆಸೆ ಬಿಡು.”

“ಹುಚ್ಚು ಯಾಕವಾ?”

“ನಾವು ಹೊಳ್ಳಿದವರು. ನೀ ಸಾಲ್ಯಾಗ ಕಲಿಸೂ ಪುಸ್ತಕದಾಗ ಹಂಗ ಬರದೈತಲ್ಲ.”

ಹೊಳ್ಳಿದವರು ಎಂದರೆ ಹೋಗಿ ತಿರುಗಿ ಬಂದವರು. ಪಾಠಪುಸ್ತಕದ ಕಥೆ ಹೀಗಿತ್ತು: ಗಣಿ ನಡೆಸುತ್ತಿದ್ದ ಭೂಮಿಯ ಕಂಪನಿ ಒಂದು ದಿನ ಗಣಿ ಮುಚ್ಚಿ, ಎಲ್ಲರೂ ನೌಕೆ ಹತ್ತಿ ಎಂದು ಆಜ್ಞೆ ಮಾಡಿತು. ಉಳಿದವರಿಗೆ ಗಾಳಿಯಿಲ್ಲ ಎಂದಿತು. ಏಳು ಜನ ಅಧಿಕಾರಿಗಳು ಮಾತ್ರ ಒಪ್ಪಲಿಲ್ಲ. ಆ ಬೆಳಿಗ್ಗೆ ಕೂಲಿಯವರು ಹಚ್ಚಿಟ್ಟುಹೋದ ಹಸಿ ಗೋಡೆಯ ಕೋಣೆಯೊಳಗೆ, ಅಂದರೆ ಈಗಿನ ಸಭಾಮನೆಯೊಳಗೆ, ಅವರು ಬಾಗಿಲು ಮುಚ್ಚಿಕೊಂಡು, ಇದು ನಮ್ಮ ನಾಡು ಎಂದು ಘೋಷಿಸಿದರು. ಕೂಲಿಯವರೆಲ್ಲ ನೌಕೆ ಹತ್ತಿ ಕೂತರು. ಬಿಟ್ಟ ಉಸಿರನ್ನು ಗೋಡೆ ಕುಡಿದುಕೊಂಡದ್ದರಿಂದ ಒಳಗಿನವರು ಸಾಯಲಿಲ್ಲ ಎಂದು ಗೊತ್ತಾದ ಮೇಲೆ ಇಳಿದು ಬಂದು ಕೈ ಮುಗಿದರು. ಆ ಏಳು ಜನರ ಸಂತತಿ ಒಳಗವಿಯ ಏಳು ಮನೆತನ, ಕೂಲಿಯವರ ಮಕ್ಕಳು ಮೊಮ್ಮಕ್ಕಳೇ ಬಾಯಿಗವಿಯವರು. ಗೋಡೆಗೆ ಉಸಿರು ಕೊಡದವರಿಗೆ ಸಭೆಯಲ್ಲಿ ಕೈ ಎತ್ತಿ ಮತ ಹಾಕುವ ಹಕ್ಕೂ ಇರಲಿಲ್ಲ.

ನೀಲಗಂಗಾ ಇತಿಹಾಸ ಕಲಿಸುವವಳು. ಪ್ರತಿ ವರ್ಷ ಈ ಪಾಠವನ್ನು ಬಾಯಿಗವಿಯ ಶಾಲೆಯಲ್ಲಿ, ಬಾಯಿಗವಿಯ ಮಕ್ಕಳ ಮುಂದೆ ನಿಂತು ಓದಬೇಕಾಗುತ್ತಿತ್ತು. ಓದುವಾಗ ಮಕ್ಕಳು ಅವಳನ್ನು ನೋಡುತ್ತಿರಲಿಲ್ಲ, ತಮ್ಮ ಕಾಲುಬೆರಳು ನೋಡಿಕೊಳ್ಳುತ್ತಿದ್ದರು. ಅವಳು ಹಳೆಯ ದಾಖಲೆಗಳನ್ನು ಹುಡುಕಿದಾಗ ಒಂದು ವಿಚಿತ್ರ ಕಂಡಿತ್ತು. ನಾಡಿನ ಮೊದಲ ಮೂವತ್ತು ವರ್ಷಗಳಲ್ಲಿ ಹೊಳ್ಳಿದವರು ಎಂಬ ಮಾತನ್ನೇ ಯಾರೂ ಆಡಿರಲಿಲ್ಲ. ಬಾಯಿಗವಿಯವರು ಒಳಗವಿಯಷ್ಟೇ ಬೆಚ್ಚನೆಯ ಗಾಳಿ ನಮಗೂ ಬೇಕು ಎಂದು ಕೇಳಿದ ಮೇಲೆಯೇ ಆ ಮಾತು ಹುಟ್ಟಿತ್ತು. ಆದರೆ ಒಂದು ಮಾತು ತಡವಾಗಿ ಹುಟ್ಟಿತು ಎಂದ ಮಾತ್ರಕ್ಕೆ ಅದು ಸುಳ್ಳು ಎನ್ನಲಾಗದು. ಆ ದಿನ ಕೋಣೆಯೊಳಗೆ ಯಾರಿದ್ದರು ಎಂದು ಯಾರು ಹೇಳಬೇಕು?

ಆ ಪ್ರಶ್ನೆಗೆ ಉತ್ತರದ ದಾರಿ ತೋರಿಸಿದ್ದು ಗಾಳಿಮನೆಯ ಯಂತ್ರ.

*

ಗಾಳಿಮನೆ ಎಂದರೆ ಇಡೀ ಗವಿಯ ಗಾಳಿಯನ್ನು ನಡೆಸುವ ನಿಯಂತ್ರಣ ಕೋಣೆ. ಅಲ್ಲಿನ ಎಂಜಿನಿಯರ್ ಪದ್ಮಾಕ್ಷಿ ಒಳಗವಿಯವಳು, ನೀಲಗಂಗಾಳ ಜೊತೆ ಓದಿದವಳು. ಯಾವ ಕೋಣೆಯ ಗಾಳಿ ಯಾವ ಕೋಣೆಗೆ ಸೋರುತ್ತಿದೆ ಎಂದು ಪತ್ತೆಹಚ್ಚಲು ಅವಳು ಒಂದು ಯಂತ್ರ ಕಟ್ಟಿದ್ದಳು. ಜನ ಅದನ್ನು ಉಸಿರುತಕ್ಕಡಿ ಎನ್ನುತ್ತಿದ್ದರು.

ಇಂಗಾಲದಲ್ಲಿ ಹಗುರವಾದದ್ದು ಒಂದು, ತುಸು ಭಾರವಾದದ್ದು ಒಂದು ಇದೆ. ಜೋಳದ ಗಿಡ ಭಾರದ ಇಂಗಾಲವನ್ನು ಅಕ್ಕಿ, ಗೋಧಿಗಳಿಗಿಂತ ಹೆಚ್ಚು ಉಳಿಸಿಕೊಳ್ಳುತ್ತದೆ. ಉಂಡದ್ದೇ ಉಸಿರಾಗಿ ಹೊರಬರುವುದರಿಂದ ಜೋಳದ ರೊಟ್ಟಿ ತಿಂದವರ ಉಸಿರು, ಅನ್ನ ಚಪಾತಿ ತಿಂದವರ ಉಸಿರಿಗಿಂತ ಕೂದಲೆಳೆಯಷ್ಟು ಭಾರ. ಮೊದಲಿನಿಂದಲೂ ಬಾಯಿಗವಿಯ ಊಟ ಜೋಳ, ಒಳಗವಿಯ ಊಟ ಅಕ್ಕಿ ಮತ್ತು ಗೋಧಿ. ಯಾರ ಮನೆಯ ಗಾಳಿ ಎಲ್ಲಿ ಸೋರಿತು ಎಂದು ತಕ್ಕಡಿ ಹೇಳುತ್ತಿದ್ದದ್ದು ಹೀಗೆ.

“ಗಾಳಿ ತೂಗತೀ ಸರಿ,” ಎಂದಿದ್ದಳು ನೀಲಗಂಗಾ ಒಂದು ಮಧ್ಯಾಹ್ನ. “ಗಾರಿ ಕುಡಿದ ಉಸಿರು ತೂಗಾಕ ಬರ್ತದೇನು?”

ಪದ್ಮಾಕ್ಷಿ ಬಾಯಿಗೆ ಹಾಕಿಕೊಂಡಿದ್ದ ಚಪಾತಿ ಅಗಿಯುವುದನ್ನು ನಿಲ್ಲಿಸಿದಳು. “ಅಡ್ಡಿಯಿಲ್ಲ. ಸುಣ್ಣ ಸುಟ್ಟರ ಉಸಿರು ವಾಪಸ್ ಬರ್ತದ. ಆದ್ರ ಯಾವ ಗ್ವಾಡಿ ಅಂತ ಕೇಳಲಿಕ್ಕೆ ನನಗ ಅಂಜಿಕಿ ಆಗ್ಲಿಕತ್ತದ.”

ಸಭಾಮನೆಯ ಗೋಡೆಗೆ ತೂತು ಹೊಡೆಯಲು ಇತಿಹಾಸ ಪೀಠದ ಮುಖ್ಯಸ್ಥರಾದ ವೀರಭದ್ರ ಇನಾಮದಾರರ ಒಪ್ಪಿಗೆ ಬೇಕಿತ್ತು. ಪಾಠಪುಸ್ತಕ ಬರೆದವರೂ ಅವರೇ, ಹಬ್ಬದಲ್ಲಿ ಉಗುರು ಒತ್ತುವ ಹಿರಿಯರೂ ಅವರೇ. ನೀಲಗಂಗಾ ಅವರ ಮುಂದೆ ಕೂತು, ಮೇಜಿನ ಅಂಚು ನೋಡುತ್ತ ವಿಷಯ ಹೇಳಿದಳು. ಅವರು ಸಿಟ್ಟಾಗಲಿಲ್ಲ.

“ಹೊಡೀವಾ ತೂತು,” ಎಂದರು. “ಪೆನ್ಸಿಲ್ಲಿನಷ್ಟು ಸಣ್ಣದಿರಲಿ. ನಮ್ಮ ಏಳು ಮಂದಿ ಉಸಿರು ಅಲ್ಲೇ ಅದ. ಸಿಕ್ಕಾಗ ನೀ ಬಂದು ಹೇಳಬೇಕು, ಅಷ್ಟ.”

“ಸಿಗದಿದ್ರ ಸರ್?”

“ಸಿಗದಿದ್ರನೂ ನೀನ ಬಂದು ಹೇಳಬೇಕು.”

*

ಗೋಡೆಯಿಂದ ತೆಗೆದ ಗಾರೆಯ ಕಡ್ಡಿ ಗಾಜಿನ ನಳಿಗೆಯಲ್ಲಿ ಮಲಗಿತ್ತು. ಅದರಲ್ಲಿ ವರ್ಷಕ್ಕೊಂದರಂತೆ ಪದರಗಳು, ನಡುನಡುವೆ ಎಣ್ಣೆಯ ಕಂದು ಗೆರೆ. ಪದ್ಮಾಕ್ಷಿ ಮೇಲಿನಿಂದ ಶುರುಮಾಡಿದಳು. ಸೂಜಿಮೊನೆಯಷ್ಟು ಗಾರೆಯನ್ನು ಬೆಳಕಿನ ಕಿರಣ ಸುಡುತ್ತಿತ್ತು. ಹೊರಬಂದ ಉಸಿರನ್ನು ತಕ್ಕಡಿ ತೂಗುತ್ತಿತ್ತು. ಪರದೆಯ ಮೇಲಿನ ಮುಳ್ಳು ಎಡಕ್ಕೆ ನಿಂತರೆ ಅಕ್ಕಿ ಗೋಧಿ, ಬಲಕ್ಕೆ ನಿಂತರೆ ಜೋಳ.

ಮುಳ್ಳು ಎಡಕ್ಕೆ ನಿಂತಿತು. ಮುಂದಿನ ಪದರ, ಎಡಕ್ಕೆ. ಅದರ ಮುಂದಿನದ್ದೂ ಎಡಕ್ಕೆ.

“ನಮ್ಮ ಮನಿ ಮಂದೀದ ಉಸಿರು,” ಎಂದಳು ಪದ್ಮಾಕ್ಷಿ. “ನೋಡು, ಈ ಪದರದಾಗ ನಮ್ಮಜ್ಜಿ ಗೊರಕಿನೂ ಇರಬೇಕು.”

ನೀಲಗಂಗಾ ನಗಲಿಲ್ಲ. ಅವಳ ಕಣ್ಣು ಕಡ್ಡಿಯ ತುದಿಯ ಮೇಲಿತ್ತು. ಕೊನೆಗೆ ಎಲ್ಲಕ್ಕಿಂತ ಒಳಗಿನ, ನಾಡು ಹುಟ್ಟಿದ ದಿನದ ಪದರ ಬಂತು. ಕಿರಣ ಬಿತ್ತು. ಮುಳ್ಳು ನಡುಗಿತು, ಮೆಲ್ಲಗೆ ನಡುಗೆರೆ ದಾಟಿತು, ಬಲಕ್ಕೆ ಹೋಗಿ ನಿಂತಿತು.

ಇನ್ನೊಂದು ಕಡೆ ಸುಟ್ಟು ನೋಡಿದರು, ಮತ್ತೊಂದು ಕಡೆ. ಬಲಕ್ಕೇ.

“ನಮ್ಮವರು ಒಳಗಿದ್ರು,” ಎಂದಳು ನೀಲಗಂಗಾ.

“ಇದ್ರು. ಆಳನೂ ನೋಡು. ಏಳು ಮಂದಿ ಉಸಿರಿಗೆ ಇಷ್ಟು ದಪ್ಪ ಗಟ್ಟಿ ಆಗೂದಿಲ್ಲ. ಸುಮಾರು ನಲವತ್ತು ಜನ ಇರಬೇಕು.” ಪದ್ಮಾಕ್ಷಿ ಪರದೆಯ ಹತ್ತಿರ ಬಗ್ಗಿದಳು. “ಆದ್ರ ಪೂರಾ ಜ್ವಾಳ ಅಲ್ಲ ನೀಲಾ. ಆರರಾಗ ಒಂದು ಪಾಲು ಅಕ್ಕಿ ಗೋಧಿ ಅದ.”

ನಲವತ್ತರಲ್ಲಿ ಆರನೆಯ ಒಂದು ಪಾಲು. ನೀಲಗಂಗಾ ಲೆಕ್ಕ ಮಾಡಿದಳು, ಮುಖ ಸಣ್ಣದಾಯಿತು. ಆರೋ ಏಳೋ ಜನ. ಏಳು ಅಧಿಕಾರಿಗಳು ಓಡಿಹೋಗಿದ್ದರು, ನಮ್ಮವರು ಮಾತ್ರ ಉಳಿದಿದ್ದರು ಎಂದು ಅವಳು ಮನಸ್ಸಿನಲ್ಲೇ ಪಾಠ ಬರೆದಿಟ್ಟುಕೊಂಡಿದ್ದಳು.

*

“ಆ ಅಕ್ಕಿ ಗೋಧಿ ಮಾತು ಹೇಳಬ್ಯಾಡ,” ಎಂದ ಯಂಕಪ್ಪ. ಅವನು ದ್ಯಾಮವ್ವನ ತಮ್ಮ, ಬಾಯಿಗವಿಯ ಸಂಘದ ಮುಂದಾಳು. ಸುದ್ದಿ ಕೇಳಿದ ಕೂಡಲೆ ಬಂದು, ಚಹಾ ಕುಡಿಯದೆ ಅಡಿಗೆಮನೆಯಲ್ಲಿ ಅತ್ತಿತ್ತ ತಿರುಗುತ್ತಿದ್ದ. “ಜ್ವಾಳ ಸಿಕ್ಕೈತಿ ಅಂತ ಹೇಳು, ಸಾಕು. ಅವರು ನಮ್ಮನ್ನ ಇಷ್ಟು ವರ್ಷ ಹೊಳ್ಳಿದವರು ಅಂದ್ರಲ್ಲ, ಒಂದ್ ವರ್ಷ ಅವರೂ ಅನಿಸಿಕೊಳ್ಳಲಿ.”

“ಇದ್ದದ್ದು ಇತ್ತು ಮಾಮಾ. ತಕ್ಕಡಿಯೊಳಗ ಕಂಡೈತಿ.”

“ತಕ್ಕಡಿ ಸಭಾಕ್ಕ ಬಂದು ಬಾಯಿ ಬಿಡತೈತೇನು? ಹೇಳಾಕಿ ನೀ. ನಿಮ್ಮವ್ವನ ಮುಖ ನೋಡು. ಇದೊಂದ ಹಬ್ಬ ಐತಿ ಆಕೀಗೆ.”

ಆ ಮಾತು ನಾಟಿತು. ನೀಲಗಂಗಾ ತಾಯಿಯ ಕಡೆ ನೋಡಿದಳು. ದ್ಯಾಮವ್ವ ಒಲೆಯ ಮೇಲಿನ ರೊಟ್ಟಿ ತಿರುವಿಹಾಕಿ, ಕೆಮ್ಮು ನಿಲ್ಲುವವರೆಗೆ ಕಾದಳು.

“ಯಂಕ್ಯಾ, ಕುಂದರು. ನೀ ತಿರುಗೂದು ನೋಡಿ ನನಗ ತಲಿ ತಿರುಗತೈತಿ,” ಎಂದಳು. “ಆ ಏಳು ಮಂದಿ ಸಾಹೇಬರು ಒಳಗಿದ್ರು ಅಂದ್ರ ಇರಲಿ ಬಿಡು. ಒಲಿ ಹಚ್ಚಾಕರ ಬರ್ತಿತ್ತೇನು ಅವರಿಗೆ? ನಮ್ಮವರು ಇದ್ದಿದ್ದಕ್ಕ ಉಂಡಿರತಾರ.”

ಯಂಕಪ್ಪನಿಗೂ ನಗು ಬಂತು, ಆದರೆ ತಡೆದುಕೊಂಡ. “ನಗ್ಯಾಡೂ ಮಾತಲ್ಲಕ್ಕಾ.”

“ನಾ ಎಲ್ಲೆ ನಗ್ಯಾಡೀನಿ? ನನಗ ಒಳಗ ಕುಂದ್ರೂದೈತಿ. ಅವರನ್ನ ಹೊರಗ ಹಾಕಿ ಕುಂದ್ರು ಅಂದ್ರ, ಉಗುರು ಒತ್ತುವಾಗ ನನ್ನ ಕೈ ನಡುಗತೈತಿ.” ಅವಳು ಮಗಳ ತಟ್ಟೆಗೆ ರೊಟ್ಟಿ ಹಾಕಿದಳು. “ನಿನಗ ತಿಳಿದಂಗ ಮಾಡು. ಬಿಸಿ ಐತಿ, ತಿನ್ನು.”

*

ಸಭೆಯ ದಿನ ಗೋಡೆ ಕಡೆಯ ಕಟಕಟೆಯಾಚೆ ಬಾಯಿಗವಿಯವರು ನಿಂತಿದ್ದರು. ಅವರಿಗೆ ಕುರ್ಚಿ ಇರಲಿಲ್ಲ. ದ್ಯಾಮವ್ವನಿಗೆ ಮಾತ್ರ ಯಾರೋ ಒಂದು ಪೆಟ್ಟಿಗೆ ತಂದು ಹಾಕಿದ್ದರು. ನಡುವೆ ಉಸಿರುತಕ್ಕಡಿ, ಅದರ ಪಕ್ಕ ಪದ್ಮಾಕ್ಷಿ. ಹಬ್ಬಕ್ಕೆ ಬಾಗಿಲು ಎಲ್ಲರಿಗೂ ತೆರೆಯಬೇಕೇ ಎಂಬುದು ಅಂದಿನ ಪ್ರಶ್ನೆ.

ನೀಲಗಂಗಾ ಗಾರೆಯ ಕಡ್ಡಿಯಿದ್ದ ನಳಿಗೆ ಹಿಡಿದು ಎದ್ದು ನಿಂತಳು. ಅವಳು ಕಂಡದ್ದೆಲ್ಲ ಹೇಳಿದಳು. ಜೋಳ ಹೇಳಿದಳು. ಆಮೇಲೆ ಒಂದು ಕ್ಷಣ ನಿಂತು, ಕಟಕಟೆಯಾಚೆ ಯಂಕಪ್ಪನ ಮುಖ ನೋಡಿ, ಅಕ್ಕಿ ಗೋಧಿಯನ್ನೂ ಹೇಳಿದಳು.

“ಏಳು ಮಂದಿ ಒಳಗಿದ್ರು ಅನ್ನೂದು ಸುಳ್ಳಲ್ಲ. ಅವರಷ್ಟ ಇದ್ರು ಅನ್ನೂದು ಸುಳ್ಳು. ಕೂಲಿಯವರಾಗ ಯಾರರ ನೌಕೆ ಹತ್ತಿದ್ರೋ ಇಲ್ಲೋ, ಗ್ವಾಡಿ ಹೇಳೂದಿಲ್ಲ. ಮೂವತ್ತಕ್ಕಿಂತ ಹೆಚ್ಚು ಕೂಲಿಯವರು ಒಳಗ ಉಳಿದ್ರು ಅಂತ ಹೇಳ್ತದ.”

ಸಭೆಯಲ್ಲಿ ಗುಜುಗುಜು ಎದ್ದಿತು. ಯಂಕಪ್ಪ ತಲೆ ತಗ್ಗಿಸಿದ. ಇನಾಮದಾರರು ಕನ್ನಡಕ ಒರೆಸಿಕೊಂಡು ಎದ್ದರು.

“ಅಕ್ಕಿ ಗೋಧಿ ಮಾತು ಬಚ್ಚಿಡಬಹುದಿತ್ತು. ನೀ ಬಚ್ಚಿಡಲಿಲ್ಲ, ಅದಕ್ಕ ನಿನ್ನ ಉಳದ ಮಾತೂ ನಾ ನಂಬತೀನಿ,” ಎಂದರು. “ಆದ್ರ ಒಂದು ಕೇಳ್ತೀನಿ. ಆ ಗಾರಿ ಹಚ್ಚಿದವರು ಕೂಲಿಯವರು. ಅದು ನಮ್ಮ ಪುಸ್ತಕದಾಗೂ ಅದ. ಹಚ್ಚುವಾಗ ಅವರೂ ಉಸಿರಾಡಿರತಾರ. ಹಸಿ ಗಾರಿ ಆ ಉಸಿರು ಕುಡಿದದ. ಹಚ್ಚಿ ಹೋದವರ ಉಸಿರನ್ನ ನೀ ಉಳಿದವರ ಉಸಿರು ಅಂತ ತೂಗೀದಿ. ಅಲ್ಲಂತ ಹೆಂಗ ಹೇಳ್ತಿ?”

ಒಳಗವಿಯ ಸಾಲುಗಳಲ್ಲಿ ತಲೆಗಳು ಆಡಿದವು. ಇದನ್ನು ನೀಲಗಂಗಾ ಯೋಚಿಸಿರಲಿಲ್ಲ. ಕೈಯಲ್ಲಿನ ನಳಿಗೆಯನ್ನು ನೋಡಿದಳು. ಬಿಳಿ ಪದರ, ಕಂದು ಗೆರೆ, ಬಿಳಿ ಪದರ, ಕಂದು ಗೆರೆ. ಕೊನೆಯ ಪದರವೊಂದೇ ಬೇಕು ಎಂದು ಇಷ್ಟು ದಿನ ಮೇಲಿನವುಗಳನ್ನು ಅವಳು ದಾಟಿಕೊಂಡು ಹೋಗಿದ್ದಳು. ಕಣ್ಣೆತ್ತಿದಾಗ ಪೆಟ್ಟಿಗೆಯ ಮೇಲೆ ಕೂತ ತಾಯಿ ಕಂಡಳು. ಸುಣ್ಣ ತಿಂದು ಬೆಳ್ಳಗಾದ ಬೆರಳುಗಳು ಮಡಿಲಲ್ಲಿದ್ದವು.

“ಸರ್,” ಎಂದಳು. “ಈಗಿನ ಹಬ್ಬದಾಗ ಗಾರಿ ಯಾರು ಹಚ್ಚತಾರ?”

“ಬಾಯಿಗವಿಯವರು.”

“ಏನು ಉಂಡು ಬರ್ತಾರ?”

“ಜ್ವಾಳದ ರೊಟ್ಟಿ ಇರಬೇಕು.”

“ಹಚ್ಚಿದ ಮ್ಯಾಲೆ?”

“ಹೊರಗ ಹೋಗ್ತಾರ. ನಾವು ಒಳಗ...” ಇನಾಮದಾರರು ಅಲ್ಲಿಗೇ ನಿಂತರು. ಅವರಿಗೆ ಅರ್ಥವಾಗಿತ್ತು. ಉಳಿದವರಿಗೂ ಅರ್ಥವಾಗಲಿ ಎಂದು ನೀಲಗಂಗಾ ನಳಿಗೆಯನ್ನು ಎತ್ತಿ ಹಿಡಿದಳು.

“ನಿಮ್ಮ ಪುಸ್ತಕದಾಗ ಮೊದಲನೇ ದಿನ ಹೆಂಗಿತ್ತು ಅಂತ ಬರದೀರೋ, ನಾವು ಪ್ರತಿ ವರ್ಷ ಹಂಗ ಮಾಡೀವಿ. ರೊಟ್ಟಿ ಉಂಡವರು ಹಚ್ಚೂದು, ಹೊರಗ ಹೋಗೂದು. ಅನ್ನ ಉಂಡವರು ಒಳಗ ಕುಂದ್ರೂದು. ಹಚ್ಚಿದವರ ಉಸಿರು ಗಾರಿಯೊಳಗ ಉಳಿಯೂದಾದ್ರ, ಈ ಎಲ್ಲಾ ಪದರದಾಗೂ ಜ್ವಾಳ ಕಾಣಬೇಕು. ನಮ್ಮವ್ವ ಹಚ್ಚಿದ ಒಂದ್ ವರ್ಷದ್ದರಾಗರ ಕಾಣಬೇಕಿತ್ತು.”

ಪದ್ಮಾಕ್ಷಿ ಎದ್ದು ನಿಂತಿದ್ದಳು. “ನೀರು ತುಂಬಿದ ಹಸಿ ಗಾರಿ ಉಸಿರು ಕುಡಿಯೂದಿಲ್ಲರಿ. ನೀರಾರಿದ ಮ್ಯಾಲೆ ಕುಡೀತದ. ಅಷ್ಟೊತ್ತಿಗೆ ಹಚ್ಚಿದವರು ಮನ್ಯಾಗಿರತಾರ.”

“ನೀವ ಒಂದು ಪದರ ಆರಿಸ್ರಿ ಸರ್,” ಎಂದಳು ನೀಲಗಂಗಾ. “ಎಲ್ಲಾರ ಮುಂದ ತೂಗೋಣು.”

ಇನಾಮದಾರರು ನಿಧಾನವಾಗಿ ನಡೆದುಬಂದು, ಬಗ್ಗಿ, ಪದರಗಳನ್ನು ನೋಡಿದರು. “ಇದು. ನನ್ನ ಮದುವಿ ಆದ ವರ್ಷದ್ದು. ನಾ, ನಮ್ಮಾಕಿ, ಇಬ್ಬರೂ ಒಳಗ ಕುಂತಿದ್ವಿ.” ಆಮೇಲೆ ಕಟಕಟೆಯ ಕಡೆ ತಿರುಗಿದರು. “ದ್ಯಾಮವ್ವಾರ, ಆ ವರ್ಷ ನೀವು ಹಚ್ಚಿದ್ರೇನು?”

“ಹಚ್ಚೀನ್ರಿ ಸಾಹೇಬ್ರ. ನೀವು ತಲಿಗೆ ಹೊಸಾ ಪಟಗಾ ಸುತಗೊಂಡು ಬಂದಿದ್ರಿ. ಬಾಗಲಕ್ಕ ಅದನ್ನ ಬಡಿಸಿಕೊಂಡ್ರಿ.”

ಸಭೆ ನಕ್ಕಿತು. ಇನಾಮದಾರರೂ ನಕ್ಕರು, ಆದರೆ ಕಣ್ಣು ಪರದೆಯ ಮೇಲಿತ್ತು. ಕಿರಣ ಬಿತ್ತು. ಮುಳ್ಳು ಎಡಕ್ಕೆ ಹೋಗಿ ನಿಂತಿತು, ಅಲುಗಲಿಲ್ಲ.

“ಈಗ ಮೊದಲನೇದು,” ಎಂದರು ಅವರು.

ಮುಳ್ಳು ನಡುಗೆರೆ ದಾಟಿತು. ಗಾಳಿಮನೆಯಲ್ಲಿ ಇಬ್ಬರೇ ಕಂಡದ್ದನ್ನು ಈಗ ಇಡೀ ನಾಡು ಕಂಡಿತು. ಕಟಕಟೆಯಾಚೆ ಒಬ್ಬಳು ಮುದುಕಿ ಪಕ್ಕದವಳ ತೋಳು ಹಿಡಿದುಕೊಂಡಳು, ಆಕೆ ಇನ್ನೊಬ್ಬಳದ್ದು ಹಿಡಿದುಕೊಂಡಳು.

ಇನಾಮದಾರರು ಬಹಳ ಹೊತ್ತು ಆ ಮುಳ್ಳನ್ನೇ ನೋಡಿದರು. ಅವರು ತಮ್ಮ ಜಾಗಕ್ಕೆ ಹಿಂದಿರುಗಿದಾಗ ಮುಖದಲ್ಲಿ ಸೋತವರ ಕಳೆ ಇರಲಿಲ್ಲ, ದೊಡ್ಡದೊಂದನ್ನು ಕಂಡವರ ಕಳೆಯಿತ್ತು.

“ಏಳು ಮಂದಿ ಒಂದು ನಾಡು ಕಟ್ಟಿದ್ರು ಅಂತ ನಾ ಬರದೆ,” ಎಂದರು. “ನಲವತ್ತು ಮಂದಿ ಒಬ್ಬರ ಉಸಿರು ಒಬ್ಬರು ಹಂಚಿಕೊಂಡು, ಹೊರಗ ನೌಕೆ ನಿಂತಿರುವಾಗ, ಹಸಿ ಗ್ವಾಡಿ ನಂಬಿ ಕುಂತಿದ್ರು. ಇದು ಅದಕ್ಕಿಂತ ಚೊಲೊ ಕಥಿ. ಪಾಠ ನಾನ ತಿದ್ದಿ ಬರೀತೀನಿ. ಹೊಳ್ಳಿದವರು ಅನ್ನೂ ಮಾತು ಇನ್ನ ಮುಂದ ಯಾವ ಪುಸ್ತಕದಾಗೂ ಇರೂದಿಲ್ಲ.” ಹಾಗೆಂದು ಅವರು ಬಾಗಿಲು ತೆರೆಯುವ ಪರವಾಗಿ ಮೊದಲು ಕೈ ಎತ್ತಿದರು. ಹಿಂದೆಯೇ ಇನ್ನೊಂದು ಕೈ ಎದ್ದಿತು, ಇನ್ನೊಂದು. ಕೆಲವರು ಎತ್ತಲಿಲ್ಲ. ಆದರೆ ಎಣಿಸುವ ಅಗತ್ಯ ಬೀಳಲಿಲ್ಲ.

ಹೊರಗೆ ಬಂದಾಗ ಯಂಕಪ್ಪ ನೀಲಗಂಗಾಳ ತಲೆಯ ಮೇಲೆ ಕೈಯಿಟ್ಟ. “ನನ್ನ ಮಾತು ಕೇಳಿ ಬಚ್ಚಿಟ್ಟಿದ್ರ ಆ ಮುದುಕ ಮೊದಲನೇ ಪ್ರಶ್ನಿಗೇ ನಿನ್ನ ಕೆಡವತಿದ್ದ,” ಎಂದ.

*

ಆ ವರ್ಷದ ಹಬ್ಬಕ್ಕೆ ಒಳಗವಿಯವರೂ ಗಾರೆ ಹಚ್ಚಲು ಬಂದರು. ಅವರಿಗೆ ಕರಣಿ ಹಿಡಿಯಲು ಬರುತ್ತಿರಲಿಲ್ಲ. ಇನಾಮದಾರರು ಹಚ್ಚಿದ ಗಾರೆ ಅವರ ಪಾದದ ಮೇಲೆಯೇ ಬಿತ್ತು. ಬಾಯಿಗವಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕು, ಅದನ್ನು ಮತ್ತೆ ಬಳಿದರು. ಕೆಲಸ ಮುಗಿದ ಮೇಲೆ ಕೈ ತೊಳೆದುಕೊಂಡು, ರೂಢಿಯಂತೆ ಬಾಗಿಲ ಕಡೆ ಹೊರಟೇಬಿಟ್ಟಿದ್ದರು. ನೀಲಗಂಗಾ ತಡೆದು ನಿಲ್ಲಿಸಬೇಕಾಯಿತು.

ಬಾಗಿಲು ಮುಚ್ಚಿತು. ಒಳಗೆ ಕಾಲು ಚಾಚಲು ಜಾಗವಿರಲಿಲ್ಲ. ರೊಟ್ಟಿ ಬುಟ್ಟಿಯೂ ಅನ್ನದ ಪಾತ್ರೆಯೂ ಸಾಲಿನಲ್ಲಿ ಕೈಯಿಂದ ಕೈಗೆ ಹೋದವು. ಗಾಳಿಮನೆಯಿಂದ ಪದ್ಮಾಕ್ಷಿ ಮಾತಾಡುವ ಕೊಳವೆಯಲ್ಲಿ ಬೈಯುತ್ತಲೇ ಇದ್ದಳು.

“ನೀಲಾ, ಇಲ್ಲೆ ಕೆಂಪು ದೀಪ ಹತ್ತ್ಯಾವ. ಪಂಖಾ ಪೂರಾ ಬಿಟ್ಟೀನಿ. ಇಷ್ಟು ಮಂದಿ ಒಂದ ಕೋಣ್ಯಾಗ ಕುಂತು ಉಸಿರಾಡಿದ್ದು ನಾ ಎಂದೂ ನೋಡಿಲ್ಲ.”

“ಒಮ್ಮೆ ಆಗೇದ,” ಎಂದಳು ನೀಲಗಂಗಾ. “ಮೊದಲನೇ ಸಲ.”

ಮೂರನೆಯ ದಿನ ಇನಾಮದಾರರು ಎದ್ದು ಗೋಡೆಯ ಹತ್ತಿರ ಹೋದರು. ಉಗುರು ಒತ್ತುವ ಜಾಗದ ಮುಂದೆ ನಿಂತು, ಪಕ್ಕಕ್ಕೆ ಸರಿದರು. “ದ್ಯಾಮವ್ವಾರ, ಬರ್ರಿ.”

ದ್ಯಾಮವ್ವ ಮಗಳ ಭುಜ ಹಿಡಿದು ಎದ್ದಳು. ನಡುವೆ ಎರಡು ಸಲ ನಿಂತಳು. ಯಾರೂ ಅವಸರ ಮಾಡಲಿಲ್ಲ. ಗೋಡೆಯ ಮುಂದೆ ಬಂದು, ಮೊದಲು ಅಂಗೈ ಇಟ್ಟು ನೋಡಿದಳು, ಮಗುವಿನ ಜ್ವರ ನೋಡುವವಳಂತೆ. ಆಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿದಳು. ಇನ್ನೂ ಜೋರಾಗಿ ಒತ್ತಿದಳು. ಕೈ ತೆಗೆದು, ಹತ್ತಿರ ಬಗ್ಗಿ ನೋಡಿದಳು. ಗೋಡೆಯ ಮೇಲೆ ಏನೂ ಇರಲಿಲ್ಲ.

“ಹಿಡದೈತಿ,” ಎಂದಳು.

ಇನಾಮದಾರರು ರೂಢಿಯಂತೆ ಆ ಮಾತನ್ನು ಹೊರಗಿನವರಿಗೆ ಕೂಗಿ ಹೇಳಲು ಬಾಗಿಲ ಕಡೆ ತಿರುಗಿದರು. ಬಾಯಿ ತೆರೆದವರು ಹಾಗೆಯೇ ನಿಂತರು. ಕೇಳಲು ಹೊರಗೆ ಯಾರೂ ಉಳಿದಿರಲಿಲ್ಲ.